ಲಾಂಚು ಉಪಕಾರವಲ್ಲ, ಬಾಕಿ
(ಪಾಲಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಮುಳುಗಡೆಯ ಮಾತನ್ನು ಪಾಲಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆ ಎದ್ದಾಗ ಹಳೆಯ ಕನ್ನಂಬಾಡಿ ಊರೇ ನೀರಿನಡಿ ಹೋಯಿತು. ನಾವು ಇಂದು ಹೇಳಹೊರಟಿರುವುದು ಶರಾವತಿಯ ವಿಚಾರ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆ ವಿದ್ಯುತ್ತಿನಿಂದ ಗಿರಣಿಗಳು ತಿರುಗಿದವು, ಅಂಗಡಿಗಳಲ್ಲಿ ದೀಪ ಹತ್ತಿದವು. ಸಾಗರ ತಾಲ್ಲೂಕಿನ ತುಮರಿ, ಬ್ಯಾಕೋಡು ಕಡೆಯವರಿಗೆ ಮಾತ್ರ ಪೇಟೆಯ ದಾರಿಯೇ ಮುಳುಗಿತು. ಅಡಿಕೆ ಮಾರಬೇಕಾದರೂ, ಹೆರಿಗೆಗೆ ಹೆಂಗಸನ್ನು ಒಯ್ಯಬೇಕಾದರೂ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸರ್ಕಾರಿ ಲಾಂಚೇ ಗತಿ. ಸಂಜೆಯಾದರೆ ಅದೂ ನಿಂತಿತು. ಆಮೇಲೆ ಕಾಯಿಲೆ ಬಂದರೆ? ಹೊಸನಗರದ ಕಡೆಯಿಂದ ಸುತ್ತಬೇಕು, ಇಲ್ಲವೆ ಬೆಳಗಿನ ತನಕ ಕಾಯಬೇಕು. 2023ರ ಜೂನಿನಲ್ಲಿ ಹಿನ್ನೀರು ತಗ್ಗಿ, ಲಾಂಚಿಗೆ ವಾಹನ ಹತ್ತಿಸುವುದೇ ನಿಂತುಹೋಯಿತು. (ಇಲ್ಲಿ ರಂಗನತಿಟ್ಟಿನಲ್ಲಿ ಹಕ್ಕಿ ನೋಡಬಂದವರಿಗೆ ದೋಣಿ ತಪ್ಪುವುದಿಲ್ಲ!)

ಟಿಕೆಟಿನ ಕಾಸು ಎಣಿಸಿ ‘ಲಾಂಚು ನಷ್ಟದ ಬಾಬು’ ಎನ್ನುವವರನ್ನು ನಾವು ಕೇಳುತ್ತೇವೆ: ವಿದ್ಯುತ್ತಿನ ಲಾಭವನ್ನು ಯಾವ ಖಾತೆಗೆ ಬರೆದಿರಿ? ದಾರಿ ಮುಳುಗಿಸಿದವರು ದಾರಿ ಕೊಟ್ಟರೆ ಅದು ದಾನವಾಗುವುದಿಲ್ಲ, ಬಾಕಿ ಸಂದಾಯವಾಗುತ್ತದೆ. ಅಂಗಡಿ ಲೆಕ್ಕ ಬರೆಯುವ ನಿಮಗೆ ಇದು ಹೊಸತಲ್ಲ.

2025ರ ಜುಲೈ 14ರಂದು ಅಲ್ಲಿ ಸೇತುವೆಯ ಉದ್ಘಾಟನೆಯಾಯಿತು. ಸಂತೋಷ. ಅರುವತ್ತು ವರ್ಷದ ಬಡ್ಡಿಯನ್ನು ಯಾರು ಕೊಡುತ್ತಾರೆ? ಕಾರುಳ್ಳವನು ಸೇತುವೆಯನ್ನು ಗಳಿಗೆಯಲ್ಲಿ ದಾಟುತ್ತಾನೆ. ಕೂಲಿಯವನಿಗೆ ಬಸ್ಸು ಬೇಕು, ರಾತ್ರಿಯೂ ಬೇಕು. ದ್ವೀಪದ ಜನರಿಗೆ ರಾತ್ರಿ ಬಸ್ಸು ಬೇಕೆಂಬ ಅರ್ಜಿಗೆ ಇಲ್ಲಿಂದಲೂ ರುಜು ಹೋಗಲಿ. ಕಾಗದ ಮೇಜಿನ ಮೇಲಿದೆ.