ಕಾಯಿಲೆಯನ್ನು ಅದರ ಹೆಸರಿನಿಂದ ಕರೆಯೋಣ

(ಜುಮುಅ ಖುತ್ಬಾದ ಸಾರಾಂಶ)

ಸಕಲ ಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಹಾಗೂ ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.

ಸತ್ಯವಿಶ್ವಾಸಿ ಸಹೋದರರೇ,

ಕೆಲವು ವರ್ಷಗಳ ಹಿಂದೆ ನಮ್ಮ ಮಸೀದಿಯ ಹೌಝ್ ಬಳಿ ಒಬ್ಬ ಯುವಕ ಬಹಳ ಹೊತ್ತು ವುಝೂ ಮಾಡುತ್ತಿದ್ದ. ಇಕಾಮತ್ ಆದರೂ ಅವನ ಕೈ ತೊಳೆಯುವುದು ಮುಗಿಯುತ್ತಿರಲಿಲ್ಲ. ಜಮಾಅತ್ ಮುಗಿಸಿ ನಾವು ಹೊರಬರುವಾಗಲೂ ಅವನು ಅಲ್ಲೇ ಕುಳಿತಿರುತ್ತಿದ್ದ. ನೀರು ಪೋಲಾಗುತ್ತಿದೆ ಎಂದು ನಮ್ಮಲ್ಲಿ ಕೆಲವರು ಗದರಿದೆವು. ಕೆಲವರು ನಕ್ಕೆವು. ಅದು ಶೈತಾನನ ವಸ್‌ವಾಸ್, ಕಿವಿಗೊಡಬೇಡ ಎಂದು ಬುದ್ಧಿ ಹೇಳಿದವರೂ ನಾವೇ. ಒಂದು ದಿನ ಅವನು ಮಸೀದಿಗೆ ಬರುವುದನ್ನೇ ಬಿಟ್ಟ. ಅದೊಂದು ಕಾಯಿಲೆ, ಅದಕ್ಕೆ ಹೆಸರಿದೆ, ಚಿಕಿತ್ಸೆಯಿದೆ ಎಂದು ನಮಗೆ ಗೊತ್ತಾದದ್ದು ಆಮೇಲೆ. ಅಂದಿನ ನಮ್ಮ ಅಜ್ಞಾನವೇ ಇಂದಿನ ಮಾತಿಗೆ ಕಾರಣ.

ಜ್ವರ ಬಂದರೆ ಜ್ವರ ಎನ್ನುತ್ತೇವೆ. ಸಕ್ಕರೆ ಕಾಯಿಲೆ ಬಂದರೆ ಸಕ್ಕರೆ ಕಾಯಿಲೆ ಎನ್ನುತ್ತೇವೆ. ಮನಸ್ಸಿಗೆ ಕಾಯಿಲೆ ಬಂದರೆ ಮಾತ್ರ ನಮ್ಮ ಬಾಯಲ್ಲಿ ಮೂರೇ ಮಾತು: ಹುಚ್ಚು, ಜಿನ್ನ್, ಈಮಾನ್ ಕಡಿಮೆ. ಈ ಮೂರೂ ಮಾತುಗಳು ಕಾಯಿಲೆಯವನನ್ನು ವೈದ್ಯರಿಂದ ದೂರ ಇಡುತ್ತವೆ.

ಮೊದಲು ಈಮಾನಿನ ವಿಷಯ. ಮಗ ಯೂಸುಫ್(ಅ)ರನ್ನು ಕಳೆದುಕೊಂಡ ಯಾಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾದವು ಎಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್ ಕಡಿಮೆಯಾಗಿತ್ತೇ? ಹಝ್ರತ್ ಖದೀಜಾ(ರ) ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷಕ್ಕೆ ನಮ್ಮ ಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಹೆಸರು. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರು ಕಣ್ಣೀರು ಹಾಕಿದರು. ಮನಸ್ಸು ನೋಯುವುದು ಮನುಷ್ಯ ಸಹಜ. ಇನ್ನು ಕಾಯಿಲೆ ಬಂದರೆ ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಇಳಿಸಿದ ರೋಗಕ್ಕೆ ಮದ್ದನ್ನೂ ಇಳಿಸಿದ್ದಾನೆ ಎಂಬುದು ಪ್ರವಾದಿ(ಸ)ರ ಬೋಧನೆ. ಇದು ದೇಹಕ್ಕೆ ಮಾತ್ರ, ಮನಸ್ಸಿಗಲ್ಲ ಎಂದು ಅವರು ಹೇಳಲಿಲ್ಲ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಕವಿಯುವ ದುಃಖ ಬೇರೆ ಎಂದು ಅವರು ಅಂದೇ ವಿಂಗಡಿಸಿದ್ದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು.

ಈಗ ವೈದ್ಯರು ಬಳಸುವ ಕೆಲವು ಪದಗಳನ್ನು ತಿಳಿಯೋಣ.

ಖಿನ್ನತೆ ಅಥವಾ ಡಿಪ್ರೆಶನ್: ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಇದರ ಜೊತೆಗೆ ನಿದ್ರೆ ಕೆಡುತ್ತದೆ, ಊಟ ಸೇರುವುದಿಲ್ಲ, ಕಾರಣವಿಲ್ಲದೆ ಸುಸ್ತಾಗುತ್ತದೆ, ತಾನು ಯಾರಿಗೂ ಬೇಡ ಅನ್ನಿಸುತ್ತದೆ. ನಮ್ಮ ಮನೆಯ ಹೆಂಗಸರಲ್ಲಿ ಇದು ಎಷ್ಟೋ ಸಲ ತಲೆನೋವು, ಮೈಕೈ ನೋವಿನ ರೂಪದಲ್ಲಿ ಬರುತ್ತದೆ. ಮಾತ್ರೆ ನುಂಗುತ್ತಲೇ ಇರುತ್ತಾರೆ, ನೋವು ಹೋಗುವುದಿಲ್ಲ. ಮನಸ್ಸು ಹೇಗಿದೆ ಎಂದು ನಾವು ಕೇಳುವುದೂ ಇಲ್ಲ.

ಆತಂಕ: ಚಿಂತೆ ಎಲ್ಲರಿಗೂ ಉಂಟು. ಅದು ತಿಂಗಳುಗಟ್ಟಲೆ ಬಿಡದೆ ಕಾಡಿ ಕೆಲಸ, ನಿದ್ರೆ ಕೆಡಿಸಿದರೆ ಕಾಯಿಲೆ. ಒಮ್ಮೆಗೇ ಎದೆ ಬಡಿದುಕೊಂಡು, ಉಸಿರು ಕಟ್ಟಿ, ಈಗಲೇ ಸತ್ತೆ ಅನ್ನಿಸಿ, ಸ್ವಲ್ಪ ಹೊತ್ತಿನಲ್ಲಿ ಇಳಿಯುವುದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಮೊದಲ ಸಲ ಹೀಗಾದಾಗ ಹೃದಯದ ಪರೀಕ್ಷೆ ಮಾಡಿಸಲೇಬೇಕು. ಹೃದಯ ಸರಿಯಿದೆ ಎಂದರೆ ಅವನು ನಾಟಕ ಮಾಡಿದ ಎಂದು ಅರ್ಥವಲ್ಲ.

ಗೀಳು ಅಥವಾ ಓಸಿಡಿ: ಬೇಡವೆಂದರೂ ಒಂದೇ ಯೋಚನೆ ನುಗ್ಗಿ ಬರುವುದು, ಅದನ್ನು ತಣಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು. ವುಝೂ ಸರಿಯಾಯಿತೇ, ನಿಯ್ಯತ್ ಸರಿಯಾಯಿತೇ, ಬಟ್ಟೆಗೆ ನಜಸ್ ತಾಗಿತೇ ಎಂಬ ಸಂಶಯ ದಿನದ ಗಂಟೆಗಳನ್ನು ನುಂಗುತ್ತದೆ. ಕ್ಷಣಕಾಲ ಬಂದು ಹೋಗುವ ವಸ್‌ವಾಸ್ ಎಲ್ಲರಿಗೂ ಇದೆ. ಇದು ಅದಲ್ಲ. ಆ ಯುವಕನಿಗಿದ್ದದ್ದು ಇದೇ. ತಾನು ಮಾಡುತ್ತಿರುವುದು ಅತಿಯಾಯಿತು ಎಂದು ಅವನಿಗೂ ಗೊತ್ತಿತ್ತು. ನಿಲ್ಲಿಸಲು ಅವನಿಂದಾಗುತ್ತಿರಲಿಲ್ಲ.

ಸೈಕೋಸಿಸ್: ವಾಸ್ತವದ ಅರಿವು ತಪ್ಪುವ ಸ್ಥಿತಿ. ಯಾರೂ ಇಲ್ಲದಿದ್ದರೂ ಸ್ವರ ಕೇಳಿಸಿದರೆ ಅದು ಹ್ಯಾಲುಸಿನೇಶನ್. ಅನ್ನಕ್ಕೆ ವಿಷ ಹಾಕಿದ್ದಾರೆ ಎಂಬಂಥ ಸುಳ್ಳು ನಂಬಿಕೆ, ಎಷ್ಟು ಪುರಾವೆ ಕೊಟ್ಟರೂ ಕದಲದಿದ್ದರೆ ಅದು ಡೆಲ್ಯೂಷನ್. ವಾದ ಮಾಡಿ ಇದನ್ನು ಬಿಡಿಸಲಾಗದು. ಸ್ಕಿಝೋಫ್ರೇನಿಯಾದಲ್ಲಿ ಈ ಲಕ್ಷಣಗಳು ದೀರ್ಘಕಾಲ ಇರುತ್ತವೆ. ಬೈಪೋಲಾರ್ ಕಾಯಿಲೆಯಲ್ಲಿ ಕೆಲವು ಕಾಲ ಖಿನ್ನತೆ, ಕೆಲವು ಕಾಲ ಅದರ ವಿರುದ್ಧ: ನಿದ್ರೆಯೇ ಬೇಡದಷ್ಟು ಹುರುಪು, ದೊಡ್ಡ ದೊಡ್ಡ ಮಾತು, ಕೈಗೆ ಬಂದಂತೆ ಖರ್ಚು.

ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಬಾಣಂತಿ ಇಲ್ಲದ್ದನ್ನು ಕಂಡಂತೆ, ಕೇಳಿದಂತೆ ಮಾತನಾಡಿದರೆ, ಅಂದರೆ ಊರಲ್ಲಿ ಬಾಣಂತಿ ಸನ್ನಿ ಎನ್ನುವುದು ಕಂಡರೆ, ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ತಾಯಿ, ಮಗು ಇಬ್ಬರ ಜೀವವೂ ಅದರಲ್ಲಿದೆ.

ಸಹೋದರರೇ, ಜಿನ್ನ್‌ಗಳು ಇವೆ ಎಂದು ನಾವು ನಂಬುತ್ತೇವೆ. ಆದರೆ ಎದುರಿಗಿರುವ ಈ ಹುಡುಗಿಗೆ ಜಿನ್ನ್ ಹಿಡಿದಿದೆ ಎಂದು ತೀರ್ಪು ಕೊಡುವ ಜ್ಞಾನ ನಮಗೆ ಎಲ್ಲಿಂದ ಬಂತು? ಕುರ್‌ಆನ್ ಓದಿ ಶಿಫಾ ಬೇಡುವುದಕ್ಕೂ ವೈದ್ಯರ ಮಾತ್ರೆ ನುಂಗುವುದಕ್ಕೂ ಜಗಳವಿಲ್ಲ. ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ದೀನ್ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಶೆಡ್ಡಿಗೆ ಬೆಂಕಿ ಬಿತ್ತು. ದರ್ಗಾದಲ್ಲಿ ಗುಣವಾದೀತೆಂದು ಮನೆಯವರು ಕರೆತಂದು ಬಿಟ್ಟುಹೋಗಿದ್ದವರು ಅವರಲ್ಲಿದ್ದರು. ಕಾಲಿಗೆ ಸರಪಳಿಯಿದ್ದ ಕಾರಣ ಓಡಲಾಗದೆ 28 ಮಂದಿ ಸುಟ್ಟು ಸತ್ತರು. ಇಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಕಾನೂನು ಬರುವ ಮೊದಲೇ ನಮ್ಮ ಮನಸ್ಸಾಕ್ಷಿ ಅದನ್ನು ನಿಷೇಧಿಸಬೇಕಿತ್ತು. ಬುದ್ಧಿ ಸ್ವಾಧೀನದಲ್ಲಿಲ್ಲದವನ ಮೇಲಿಂದ ಲೇಖನಿಯನ್ನು ಎತ್ತಲಾಗಿದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅಲ್ಲಾಹನೇ ಲೆಕ್ಕ ಕೇಳದವನನ್ನು ನಾವು ಶಿಕ್ಷಿಸುವುದು ಹೇಗೆ?

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಮಾತೂ ನಮ್ಮಲ್ಲಿದೆ. ನಿಕಾಹ್ ಔಷಧಿಯಲ್ಲ. ಚಿಕಿತ್ಸೆ ಪಡೆದು ಸ್ಥಿಮಿತಕ್ಕೆ ಬಂದವರು ಧಾರಾಳವಾಗಿ ಸಂಸಾರ ನಡೆಸುತ್ತಾರೆ. ಆದರೆ ಕಾಯಿಲೆ ಮುಚ್ಚಿಟ್ಟು ಇನ್ನೊಬ್ಬರ ಮಗಳನ್ನು ತರುವುದು ಮೋಸ. ನಾಳೆ ಆ ಮಗಳ ಕಣ್ಣೀರಿಗೆ ನಾವು ಉತ್ತರ ಕೊಡಬೇಕು.

ಮದ್ದಿನ ಬಗ್ಗೆ ಎರಡು ಮಾತು. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ಪ್ರಯೋಜನವಿಲ್ಲ ಎಂದು ಬಿಡಬಾರದು. ಗುಣವಾದಂತೆ ಕಂಡ ಕೂಡಲೇ ಸ್ವಂತ ತೀರ್ಮಾನದಿಂದ ನಿಲ್ಲಿಸಲೂಬಾರದು. ರಮಝಾನ್‌ಗೆ ಮೊದಲೇ ವೈದ್ಯರನ್ನು ಕೇಳಿ ಮದ್ದಿನ ಸಮಯ ಹೊಂದಿಸಿಕೊಳ್ಳಬೇಕು. ಬೈಪೋಲಾರ್‌ಗೆ ಲಿಥಿಯಂ ಸೇವಿಸುವವರ ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಅಪಾಯ. ಉಪವಾಸ ಬೇಡವೆಂದು ವೈದ್ಯರು ಹೇಳಿದರೆ, ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸಂಕೋಚವಿಲ್ಲದೆ ಸ್ವೀಕರಿಸಲಿ.

ಸಾಯುವ ಮಾತನ್ನು ಯಾರಾದರೂ ಆಡಿದರೆ ಹಗುರವಾಗಿ ಕಾಣಬೇಡಿ. ಆತ್ಮಹತ್ಯೆ ಹರಾಮ್ ಎಂಬುದು ಅವರಿಗೂ ಗೊತ್ತು. ಫತ್ವಾ ಹೇಳುವ ಮೊದಲು ಪಕ್ಕದಲ್ಲಿ ಕುಳಿತು, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳೋಣ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಂಡವರ ಎದೆ ಹಗುರಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯೋಣ. ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ತನಕ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಲಿ.

ಆ ಯುವಕನನ್ನು ಕೊನೆಗೆ ವೈದ್ಯರ ಬಳಿಗೆ ಕರೆದೊಯ್ದದ್ದು ಅವನ ತಾಯಿ. ಓದು ಬರಹ ಬಾರದ ಆ ತಾಯಿಗೆ ಹೊಳೆದದ್ದು ನಮಗೆ ಹೊಳೆಯಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಈಗ ಅವನು ಒಂದೇ ಸಲ ವುಝೂ ಮಾಡಿ ಸಫ್ಫಿಗೆ ಬರುತ್ತಾನೆ. ಸಂಶಯ ಪೂರ್ತಿ ಹೋಗಿಲ್ಲ, ಮದ್ದು ನಡೆಯುತ್ತಿದೆ. ನಾವು ಅವನಲ್ಲಿ ಕ್ಷಮೆ ಕೇಳಿದ್ದೇವೆ. ಇಂದು ಮನೆಗೆ ಹೋದಾಗ, ಮೂಲೆಯಲ್ಲಿ ಮಾತಿಲ್ಲದೆ ಕುಳಿತಿರುವ ನಮ್ಮವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡೋಣ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅವರನ್ನು ಆರೈಕೆ ಮಾಡುವವರಿಗೆ ಸಬರ್ ನೀಡಲಿ, ನಮ್ಮ ನಾಲಗೆಗಳನ್ನು ಕಾಪಾಡಲಿ. ಆಮೀನ್.