ಶ್ವಾಸಕೋಶದ ಕ್ಯಾನ್ಸರ್: ಗೊತ್ತಾದ ಮೇಲೂ ಬದುಕಿದೆ

(ಮೈಸೂರಿನಲ್ಲಿ ಮಿಲ್ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ಒಂದು ಕಾಲದಲ್ಲಿ ಕ್ಷಯವೆಂದರೆ ಸಾವೆಂದೇ ಅರ್ಥ. ಆ ರೋಗ ಅರಮನೆಯನ್ನೂ ಬಿಡಲಿಲ್ಲ. ನಮ್ಮ ಪಿ.ಕೆ. ಸ್ಯಾನಿಟೋರಿಯಂ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಹೊತ್ತಿರುವುದು ಆ ದುಃಖದ ಗುರುತು. ಆಮೇಲೆ ಔಷಧ ಬಂತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗವು, ಬಡವನು ತನ್ನ ಮನೆಯಲ್ಲಿದ್ದೇ ಮಾತ್ರೆ ತೆಗೆದುಕೊಂಡರೂ ಸ್ಯಾನಿಟೋರಿಯಂನಷ್ಟೇ ಗುಣ ಕಾಣಬಹುದೆಂದು ತೋರಿಸಿತು.

ಇಂದು ಆ ಹಳೆಯ ಭಯ ಕ್ಯಾನ್ಸರಿನ ಮೇಲೆ ಕುಳಿತಿದೆ. ಶ್ವಾಸಕೋಶದ ಕ್ಯಾನ್ಸರ್ ಸುಲಭದ ರೋಗವಲ್ಲ. ನಮ್ಮಲ್ಲಿ ಹೆಚ್ಚಿನವರು ವೈದ್ಯರ ಬಳಿ ಹೋಗುವುದೇ ತಡವಾಗಿ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಕ್ಷಯದಲ್ಲೂ ಉಂಟು, ಇದರಲ್ಲೂ ಉಂಟು. ಆದ್ದರಿಂದ ಕ್ಷಯದ ಮಾತ್ರೆ ನುಂಗುತ್ತಲೇ ತಿಂಗಳುಗಳು ಕಳೆದುಹೋಗುತ್ತವೆ. ಕಫದ ಪರೀಕ್ಷೆಯಲ್ಲಿ ಕ್ಷಯ ಕಾಣದಿದ್ದರೆ, ಔಷಧಕ್ಕೆ ಕೆಮ್ಮು ಬಗ್ಗದಿದ್ದರೆ, ಸ್ಕ್ಯಾನ್ ಬೇಕೇ, ಬಯಾಪ್ಸಿ ಬೇಕೇ ಎಂದು ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ರೋಗ ಗೊತ್ತಾದ ಮೇಲೆ ದಾರಿಗಳಿವೆ. ಬೇಗ ಸಿಕ್ಕಿದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆಯುಂಟು. ಹರಡಿದ್ದರೂ ವಿಕಿರಣ, ಕಿಮೋಥೆರಪಿಗಳಿವೆ. ಕೆಲವರ ಗಡ್ಡೆಯಲ್ಲಿ, ಅದರಲ್ಲೂ ಎಂದೂ ಬೀಡಿ ಮುಟ್ಟದವರಲ್ಲಿ ಹೆಚ್ಚಾಗಿ, ಒಂದು ವಿಶೇಷ ಬದಲಾವಣೆ ಕಾಣುತ್ತದೆ. ಅಂಥವರು ದಿನವೂ ನುಂಗುವ ಮಾತ್ರೆಯಿಂದಲೇ ರೋಗವನ್ನು ಬಹುಕಾಲ ಹಿಡಿದಿಡಬಹುದು. ಈ ಮಾತ್ರೆಗಳಲ್ಲಿ ಕೆಲವನ್ನು ಭಾರತದ ಕಂಪೆನಿಗಳೇ ತಯಾರಿಸುತ್ತಿರುವುದರಿಂದ ಅವುಗಳ ಬೆಲೆ ಇಳಿದಿದೆ.

ಇನ್ನೊಂದು ಮಾತು. ಅಮೆರಿಕದ ಬಾಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಫಲ 2010ರಲ್ಲಿ ಪ್ರಕಟವಾಯಿತು. ಮಾಮೂಲು ಚಿಕಿತ್ಸೆಯ ಜೊತೆಗೆ ಮೊದಲಿಂದಲೇ ನೋವು, ದಣಿವು, ಮನಸ್ಸಿನ ಕಳವಳಕ್ಕೂ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು. ಹೆಚ್ಚು ಕಾಲವೂ ಬದುಕಿದರು. ಹಲ್ಲುಕಚ್ಚಿ ನೋವು ನುಂಗುವುದು ಶೌರ್ಯವಲ್ಲ. ನೋವಿಗೆ ಔಷಧ ಕೇಳಿ ಪಡೆಯಿರಿ.

ದುಡ್ಡೆಲ್ಲಿ ಎನ್ನುತ್ತೀರಿ. ಇ.ಎಸ್.ಐ. ಇರುವ ಕಾರ್ಮಿಕನು ಎರಡು ವರ್ಷ ವಿಮೆಯಲ್ಲಿದ್ದು ವಂತಿಗೆಯ ಷರತ್ತು ಪೂರೈಸಿದ್ದರೆ, ಕ್ಯಾನ್ಸರಿಗೆ ಕೂಲಿಯ ನೂರಕ್ಕೆ 80ರಂತೆ ಎರಡು ವರ್ಷಗಳವರೆಗೂ ಪರಿಹಾರ ಸಿಗುತ್ತದೆ. ಇ.ಎಸ್.ಐ. ಇಲ್ಲದ ವ್ಯಾಪಾರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಿದೆ: ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಿರಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಚಿಕಿತ್ಸೆಗೆಂದು ಹೋಗುವವರಿಗೆ ರೈಲಿನಲ್ಲಿ ರಿಯಾಯಿತಿಯೂ ಉಂಟು. ಇದಾವುದೂ ಭಿಕ್ಷೆಯಲ್ಲ.

"ಬೀಡಿ ಸೇದಿದ, ಅನುಭವಿಸಲಿ" ಎಂದು ಯಾರೂ ಅನ್ನಬೇಡಿ. ಹೊಗೆಯೇ ದೊಡ್ಡ ಕಾರಣ, ನಿಜ. ರೋಗ ಬಂದ ಮೇಲೆ ಬಿಟ್ಟರೂ ಲಾಭವುಂಟು. ಆದರೆ ಸೇದದ ಹೆಂಗಸರಿಗೂ ಈ ರೋಗ ಬರುತ್ತದೆ. ರೋಗಿಗೆ ಬೇಕಾದುದು ತೀರ್ಪಲ್ಲ, ಜೊತೆ. ಆಸ್ಪತ್ರೆಯ ಸಾಲಿನಲ್ಲಿ ಅವನೊಡನೆ ಒಬ್ಬರು ನಿಲ್ಲಲಿ, ಕಾಗದಪತ್ರವನ್ನು ಇನ್ನೊಬ್ಬರು ನೋಡಿಕೊಳ್ಳಲಿ, ಅಂಗಡಿಯ ಬಾಗಿಲನ್ನು ಮತ್ತೊಬ್ಬರು ತೆರೆಯಲಿ. ಸಂಘ ಇರುವುದು ಕೂಲಿಗೆ ಮಾತ್ರವಲ್ಲ, ಇಂಥ ದಿನಕ್ಕೂ.