ಕ್ವಾಂಟಂ ವಿಜ್ಞಾನ ಮತ್ತು ಗಡಿನಾಡಿನ ನಮ್ಮ ಮಕ್ಕಳು

(ರಾಷ್ಟ್ರೀಯ ವಿಜ್ಞಾನ ದಿನದ ಅಂಗವಾಗಿ ಗುಮ್ಮಳಾಪುರದಲ್ಲಿ ನಡೆದ ಕನ್ನಡ ಮಾಧ್ಯಮ ಶಾಲಾ ಪೋಷಕರ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇಂದು ಯಾವ ವಿಷಯ ಮಾತನಾಡಬೇಕೆಂದು ನಾನು ಹೆಚ್ಚು ಹುಡುಕಬೇಕಾಗಲಿಲ್ಲ. ಹೋದ ವಾರ ತಳಿಯ ಬಸ್ ನಿಲ್ದಾಣದಲ್ಲಿ ಒಬ್ಬ ತಂದೆ ಸಿಕ್ಕಿದ್ದರು. "ಮೇಷ್ಟ್ರೇ, ನಮ್ಮ ಹುಡುಗಿ ಒಂಬತ್ತನೇ ಕ್ಲಾಸು. ಕ್ವಾಂಟಂ ಕಂಪ್ಯೂಟರ್ ಅಂದ್ರೆ ಏನಪ್ಪಾ ಅಂತ ಕೇಳಿದಳು. ನನಗೇನು ಗೊತ್ತು? ಕನ್ನಡದಲ್ಲಿ ಓದೋಳಿಗೆ ಅದೆಲ್ಲ ಯಾಕಮ್ಮಾ ಅಂತ ಸುಮ್ಮನಾಗಿಸಿಬಿಟ್ಟೆ" ಎಂದರು. ಆ ತಂದೆಯನ್ನು ದೂರಲು ನನಗೆ ಬಾಯಿ ಬರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ನಾನೂ ಪಾಠ ಮುಗಿಸುವ ಅವಸರದಲ್ಲಿ ಎಷ್ಟೋ ಮಕ್ಕಳನ್ನು ಹೀಗೆಯೇ ಸುಮ್ಮನಾಗಿಸಿದ್ದೇನೆ. ಆ ಹುಡುಗಿಯ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಹೇಳುವುದು ಇಂದಿನ ನನ್ನ ಕೆಲಸ. "ಕನ್ನಡದಲ್ಲಿ ಓದೋಳಿಗೆ ಯಾಕೆ" ಎಂಬ ಮಾತಿಗೂ ಉತ್ತರ ಹೇಳಬೇಕಾಗಿದೆ.

ಕಮ್ಮಾರನ ಕುಲುಮೆಯನ್ನು ನೀವೆಲ್ಲ ನೋಡಿದ್ದೀರಿ. ಕಬ್ಬಿಣ ಕಾದಂತೆ ಮೊದಲು ಕೆಂಪಗಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾದರೆ ಬೆಳ್ಳಗೆ ಹೊಳೆಯುತ್ತದೆ. ಕಾದ ವಸ್ತುವು ಯಾವ ಬಣ್ಣದ ಬೆಳಕನ್ನು ಎಷ್ಟು ಹೊರಸೂಸುತ್ತದೆ ಎಂಬ ಲೆಕ್ಕ ನೂರಿಪ್ಪತ್ತೈದು ವರ್ಷಗಳ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಸರಿಹೋಗುತ್ತಿರಲಿಲ್ಲ. 1900ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಒಂದು ಹೊಸ ಊಹೆ ಮಾಡಿದರು. ಶಕ್ತಿಯು ಕಾಲುವೆಯ ನೀರಿನಂತೆ ಎಡೆಬಿಡದೆ ಹರಿಯುವುದಿಲ್ಲ, ನಾಣ್ಯಗಳಂತೆ ಬಿಡಿಬಿಡಿಯಾಗಿ ಕೈಬದಲಾಗುತ್ತದೆ ಎಂದುಕೊಂಡು ಲೆಕ್ಕ ಹಾಕಿದರು. ಲೆಕ್ಕ ಸರಿಹೋಯಿತು. ಅಂಥ ಒಂದು ಬಿಡಿ ಪ್ರಮಾಣಕ್ಕೆ ಕ್ವಾಂಟಂ ಎಂದು ಹೆಸರು. ಬೆಳಕು ಕೂಡ ಅಂಥ ಕಣಗಳಾಗಿ ಬರುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದರು. ಆ ಕಣವನ್ನು ಫೋಟಾನ್ ಎನ್ನುತ್ತೇವೆ. 1925-26ರಲ್ಲಿ ಹೈಸೆನ್‌ಬರ್ಗ್, ಶ್ರೋಡಿಂಗರ್ ಮೊದಲಾದವರು ಇದಕ್ಕೆ ಪೂರ್ಣ ಗಣಿತರೂಪ ಕೊಟ್ಟರು. ಅದೇ ಕ್ವಾಂಟಂ ಬಲವಿಜ್ಞಾನ. ಅದರ ನೂರು ವರ್ಷದ ನೆನಪಿಗಾಗಿ ವಿಶ್ವಸಂಸ್ಥೆಯು 2025ನ್ನು ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಿತು.

ಇದು ಯಾವುದೋ ಪರದೇಶದ ಮಾತು ಎಂದುಕೊಳ್ಳಬೇಡಿ. ನಿಮ್ಮ ಜೇಬಿನ ಮೊಬೈಲ್ ಫೋನಿನ ಒಳಗಿರುವ ಟ್ರಾನ್ಸಿಸ್ಟರುಗಳು, ಮನೆಯ ಎಲ್‌ಇಡಿ ಬಲ್ಬು, ತೋಟದ ಸೋಲಾರ್ ಫಲಕ, ಆಸ್ಪತ್ರೆಯ ಎಂಆರ್‌ಐ ಯಂತ್ರ, ಕಣ್ಣಿನ ಚಿಕಿತ್ಸೆಯ ಲೇಸರ್ ಇವೆಲ್ಲ ಕ್ವಾಂಟಂ ನಿಯಮಗಳನ್ನು ಅರಿತುಕೊಂಡ ಮೇಲೆ ಬಂದವು. ಹೊಸೂರು, ಡೆಂಕಣಿಕೋಟೆ ಭಾಗದ ಕಾರ್ಖಾನೆಗಳಲ್ಲಿ ಮೊಬೈಲ್ ಬಿಡಿಭಾಗ ತಯಾರಿಸುವ ಕೆಲಸಕ್ಕೆ ನಮ್ಮ ಊರುಗಳ ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ. ಆ ದುಡಿಮೆಗೆ ನಾನು ಗೌರವ ಕೊಡುತ್ತೇನೆ. ಆದರೆ ಆ ಫೋನಿನ ಬಿಡಿಭಾಗ ಮಾಡುವ ಕೈಗಳು ನಮ್ಮವು, ಅದರೊಳಗಿನ ವಿಜ್ಞಾನ ಮಾತ್ರ ಬೇರೆಯವರ ಮಕ್ಕಳದು ಎಂದು ಏಕೆ ಆಗಬೇಕು?

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಸಾಮಾನ್ಯ ಕಂಪ್ಯೂಟರು ಎಲ್ಲವನ್ನೂ 0 ಮತ್ತು 1 ಎಂಬ ಎರಡೇ ಗುರುತಿನಲ್ಲಿ ಬರೆದುಕೊಳ್ಳುತ್ತದೆ. ಅದು ದೀಪದ ಸ್ವಿಚ್ಚಿನ ಹಾಗೆ, ಹಾಕಿರಬೇಕು ಇಲ್ಲವೇ ಆರಿಸಿರಬೇಕು. ಕ್ವಾಂಟಂ ಕಂಪ್ಯೂಟರಿನ ಗುರುತಿಗೆ ಕ್ಯೂಬಿಟ್ ಎಂದು ಹೆಸರು. ಅಳೆದು ನೋಡುವವರೆಗೆ ಅದು 0 ಮತ್ತು 1 ಎರಡೂ ಕೂಡಿದ ಸ್ಥಿತಿಯಲ್ಲಿ ಇರಬಲ್ಲದು. ಅಂಥ ಅನೇಕ ಕ್ಯೂಬಿಟ್‌ಗಳನ್ನು ಹೆಣೆದರೆ ಕೆಲವು ಬಗೆಯ ಲೆಕ್ಕಗಳನ್ನು ಬಹಳ ಬೇಗ ಮಾಡಬಹುದು. ಎಲ್ಲ ಲೆಕ್ಕವನ್ನೂ ಅಲ್ಲ. ಔಷಧಕ್ಕೆ ಬೇಕಾದ ಅಣುವಿನ ಗುಣವನ್ನು ಲೆಕ್ಕ ಹಾಕುವುದು, ಬಹಳ ದೊಡ್ಡ ಸಂಖ್ಯೆಯ ಅಪವರ್ತನಗಳನ್ನು ಕಂಡುಹಿಡಿಯುವುದು ಇಂಥವನ್ನು. ಕಷ್ಟ ಎಲ್ಲಿದೆಯೆಂದರೆ, ಕ್ಯೂಬಿಟ್ ಬಹಳ ನಾಜೂಕು. ಸ್ವಲ್ಪ ಶಾಖ, ಸ್ವಲ್ಪ ಕಂಪನ ತಾಗಿದರೂ ಅದರ ಸ್ಥಿತಿ ಕೆಡುತ್ತದೆ. ಅದಕ್ಕಾಗಿ ಹಲವು ಬಗೆಯ ಯಂತ್ರಗಳನ್ನು ಸೊನ್ನೆಗಿಂತ 273 ಡಿಗ್ರಿ ಕೆಳಗಿನ ಚಳಿಗೆ ಹತ್ತಿರ ಇಡಬೇಕು. ಈ ತಪ್ಪುಗಳನ್ನು ತಿದ್ದಿಕೊಳ್ಳುವ ದಾರಿ ಹುಡುಕುವುದು ಇಂದು ಪ್ರಪಂಚದಾದ್ಯಂತ ನಡೆಯುತ್ತಿರುವ ದೊಡ್ಡ ಸಂಶೋಧನೆ.

ಇನ್ನೊಂದು ಸಂಶೋಧನೆ ಗುಟ್ಟನ್ನು ಕಾಪಾಡುವುದಕ್ಕೆ ಸಂಬಂಧಿಸಿದ್ದು. ಬ್ಯಾಂಕಿನ ಹಣ ಫೋನಿನಲ್ಲಿ ಓಡಾಡುವಾಗ ಅದಕ್ಕೆ ಗಣಿತದ ಬೀಗ ಹಾಕಿರುತ್ತಾರೆ. ದೊಡ್ಡ ಸಂಖ್ಯೆಯನ್ನು ಒಡೆಯುವುದು ಕಷ್ಟ ಎಂಬುದರ ಮೇಲೆಯೇ ಇಂಥ ಅನೇಕ ಬೀಗಗಳು ನಿಂತಿವೆ. ಮುಂದೆ ಬಲವಾದ ಕ್ವಾಂಟಂ ಕಂಪ್ಯೂಟರು ಬಂದರೆ ಆ ಬೀಗ ತೆರೆದುಕೊಳ್ಳಬಹುದು. ಅದಕ್ಕೆ ಕ್ವಾಂಟಂ ವಿಜ್ಞಾನವೇ ಬೇರೊಂದು ಬೀಗ ಕೊಟ್ಟಿದೆ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಮುಟ್ಟಿದರೆ ಮುನಿ ಗಿಡವನ್ನು ನೆನಪಿಗೆ ತಂದುಕೊಳ್ಳಿ. ಯಾರಾದರೂ ಮುಟ್ಟಿದರೆ ಎಲೆ ಮುದುಡುತ್ತದೆ, ಆಮೇಲೆ ಬಂದವನಿಗೆ ಯಾರೋ ಮುಟ್ಟಿದ್ದಾರೆ ಎಂದು ತಿಳಿಯುತ್ತದೆ. ಒಂದೊಂದೇ ಫೋಟಾನಿನಲ್ಲಿ ಬೀಗದ ಕೈಯನ್ನು ಕಳಿಸಿದರೆ, ನಡುದಾರಿಯಲ್ಲಿ ಕದ್ದು ನೋಡಿದವನು ಅದರ ಸ್ಥಿತಿಯನ್ನು ಕೆಡಿಸದೆ ನೋಡಲಾರ. ಗಿಡವಾದರೆ ಸ್ವಲ್ಪ ಹೊತ್ತಿಗೆ ಎಲೆ ಬಿಚ್ಚಿಕೊಳ್ಳುತ್ತದೆ. ಫೋಟಾನಿನಲ್ಲಿ ಆದ ಏರುಪೇರನ್ನು ಕಳ್ಳ ಸರಿಪಡಿಸಲಾರ. ಕಳಿಸಿದವರೂ ಪಡೆದವರೂ ತಮ್ಮ ಲೆಕ್ಕದ ಒಂದು ಭಾಗವನ್ನು ತಾಳೆ ನೋಡಿದರೆ ಕಳ್ಳತನ ಗೊತ್ತಾಗಿಬಿಡುತ್ತದೆ.

ಈ ಪ್ರಯೋಗ ನಡೆದಿರುವುದು ಎಲ್ಲಿ ಗೊತ್ತೇ? ಇಲ್ಲಿಂದ ಆನೇಕಲ್ಲು ದಾಟಿ ಎರಡು ಮೂರು ಗಂಟೆಯ ದಾರಿಯಲ್ಲಿರುವ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಪ್ರೊಫೆಸರ್ ಉರ್ಬಸಿ ಸಿನ್ಹಾ ಅವರ ತಂಡ ಇಸ್ರೋ ಸಂಸ್ಥೆಯ ಜೊತೆಗೂಡಿ ಈ ಕೆಲಸ ಮಾಡುತ್ತಿದೆ. 2021ರಲ್ಲಿ ಆವರಣದ ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯಲ್ಲಿ ಹೀಗೆ ಗುಟ್ಟಿನ ಕೀಲಿಯನ್ನು ಕಳಿಸಿದರು. 2023ರಲ್ಲಿ ಚಲಿಸುತ್ತಿರುವ ಗ್ರಾಹಕ ಯಂತ್ರಕ್ಕೂ ಕಳಿಸಿ ತೋರಿಸಿದರು. ಮುಂದೆ ಉಪಗ್ರಹದ ಮೂಲಕ ಕಳಿಸಬೇಕೆಂಬುದು ಗುರಿ. ಈ ತಂಡವನ್ನು ನಡೆಸುತ್ತಿರುವವರು ಮಹಿಳೆ ಎಂಬುದನ್ನು ಹೆಣ್ಣುಮಕ್ಕಳ ತಾಯಂದಿರು ಗಮನಿಸಬೇಕು.

ಈ ಸಂಸ್ಥೆಯನ್ನು 1948ರಲ್ಲಿ ಕಟ್ಟಿದವರು ಸರ್ ಸಿ.ವಿ. ರಾಮನ್. ಅವರು ಹುಟ್ಟಿದ್ದು ತಿರುಚಿರಾಪಳ್ಳಿಯಲ್ಲಿ, ಮಾತೃಭಾಷೆ ತಮಿಳು. ಹೆಸರು ತಂದ ಸಂಶೋಧನೆ ಮಾಡಿದ್ದು ಕಲ್ಕತ್ತೆಯಲ್ಲಿ. 1933ರಿಂದ ಕೊನೆಯವರೆಗೆ ಬಾಳಿದ್ದು ಬೆಂಗಳೂರಿನಲ್ಲಿ. 1928ರ ಫೆಬ್ರವರಿ 28ರಂದು ಅವರು ಕಂಡುಕೊಂಡ ರಾಮನ್ ಪರಿಣಾಮದ ನೆನಪಿಗಾಗಿಯೇ ಇಂದಿನ ವಿಜ್ಞಾನ ದಿನ. ಅದೂ ಕ್ವಾಂಟಂ ವಿಷಯವೇ. ಬೆಳಕಿನ ಕಣವೊಂದು ಅಣುವಿಗೆ ತಾಗಿದಾಗ ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಟ್ಟು ಅಥವಾ ಅಣುವಿನಿಂದ ಸ್ವಲ್ಪ ಪಡೆದು ಹೊರಡುತ್ತದೆ, ಅದರಿಂದ ಅದರ ಬಣ್ಣ ಬದಲಾಗುತ್ತದೆ. ಆ ಬದಲಾವಣೆಯನ್ನು ನೋಡಿ ವಸ್ತು ಯಾವುದೆಂದು ಹೇಳಬಹುದು. ಸರಳ ಸಲಕರಣೆಗಳಿಂದ ಮಾಡಿದ ಈ ಕೆಲಸಕ್ಕೆ 1930ರಲ್ಲಿ ನೊಬೆಲ್ ಬಹುಮಾನ ಬಂತು. ವಿಜ್ಞಾನಕ್ಕೆ ರಾಜ್ಯದ ಗಡಿಕಲ್ಲು ಇಲ್ಲ ಎಂಬುದಕ್ಕೆ ಗಡಿಯಲ್ಲಿರುವ ನಮಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಇದು 2030-31ರವರೆಗಿನ ಯೋಜನೆ. ಇದರಲ್ಲಿ ನಾಲ್ಕು ವಿಭಾಗಗಳಿವೆ. ಕ್ವಾಂಟಂ ಕಂಪ್ಯೂಟರಿನ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಕ್ವಾಂಟಂ ಸಂಪರ್ಕದ ಕೇಂದ್ರ ಮದರಾಸಿನ ಐಐಟಿ. ಅತಿ ಸೂಕ್ಷ್ಮ ಅಳತೆಯ ಉಪಕರಣಗಳಿಗೆ ಮುಂಬಯಿ ಐಐಟಿ, ಹೊಸ ವಸ್ತುಗಳಿಗೆ ದೆಹಲಿ ಐಐಟಿ. ನಾಲ್ಕರಲ್ಲಿ ಒಂದು ನಮ್ಮ ಭಾಷೆಯ ರಾಜ್ಯದಲ್ಲಿದೆ, ಇನ್ನೊಂದು ನಾವು ಬಾಳುತ್ತಿರುವ ರಾಜ್ಯದಲ್ಲಿದೆ. ನಮ್ಮ ಮಕ್ಕಳು ಎರಡು ಬಾಗಿಲಿನ ನಡುವೆ ನಿಂತಿದ್ದಾರೆ. ಒಳಗೆ ಹೋಗುವ ಧೈರ್ಯವನ್ನು ನಾವು ಕೊಡಬೇಕು.

ಇನ್ನು ಭಾಷೆಯ ಮಾತು. ಕನ್ನಡದಲ್ಲಿ ಕಲಿತರೆ ಇದೆಲ್ಲ ಸಾಧ್ಯವೇ? ನಿಮಗೆ ಹುಸಿ ಧೈರ್ಯ ಹೇಳಲು ನಾನು ಬಂದಿಲ್ಲ. ಸಂಶೋಧನೆ ಇಂದು ನಡೆಯುತ್ತಿರುವುದು ಇಂಗ್ಲಿಷಿನಲ್ಲಿ, ಆದ್ದರಿಂದ ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲೇಬೇಕು. ನಾವಿರುವ ರಾಜ್ಯದ ಭಾಷೆ ತಮಿಳನ್ನೂ ಕಲಿಯಬೇಕು. ಆದರೆ ಭಾಷೆಯನ್ನು ಕಲಿಯುವುದು ಬೇರೆ, ತಿಳಿಯದ ಭಾಷೆಯಲ್ಲಿ ವಿಜ್ಞಾನವನ್ನು ಉರು ಹೊಡೆಯುವುದು ಬೇರೆ. ಕ್ವಾಂಟಂ ವಿಜ್ಞಾನಕ್ಕೆ ಬೇಕಾದ ಮೊದಲ ಬಂಡವಾಳ ಗಣಿತ, ಎರಡನೆಯದು "ಏಕೆ?" ಎಂದು ಕೇಳುವ ಅಭ್ಯಾಸ. ಇವೆರಡೂ ಮಗುವಿಗೆ ತಾಯಿ ಮಾತಿನಲ್ಲಿ ಬೇಗ ಬರುತ್ತವೆ ಎಂಬುದು ಮೂವತ್ತು ವರ್ಷ ಮಕ್ಕಳ ಜೊತೆ ಕಳೆದ ನನ್ನ ಅನುಭವ.

ಒಂದು ಉದಾಹರಣೆ ಕೊಡುತ್ತೇನೆ. ಡಾ. ಎಚ್. ನರಸಿಂಹಯ್ಯನವರ ಊರಿನ ಹೆಸರೂ ಹೊಸೂರು. ನಮ್ಮ ಹೊಸೂರಲ್ಲ, ಗೌರಿಬಿದನೂರು ತಾಲ್ಲೂಕಿನ ಹೊಸೂರು. 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಹಳ್ಳಿಯ ಶಾಲೆಯಲ್ಲಿ ಓದಿ, ಮುಂದಿನ ಓದಿಗಾಗಿ 1935ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದರು. ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡಿ, ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದರು. ಅದು ಕ್ವಾಂಟಂ ನಿಯಮಗಳಿಲ್ಲದೆ ಒಂದು ಹೆಜ್ಜೆಯೂ ಇಡಲಾಗದ ಶಾಸ್ತ್ರ. ಆಮೇಲೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಬಾಳಿನುದ್ದಕ್ಕೂ ಮಕ್ಕಳಿಗೆ ಹೇಳುತ್ತಿದ್ದರು.

ಅವರ ದಾರಿಯಲ್ಲೇ ಒಂದು ಎಚ್ಚರಿಕೆಯ ಮಾತು. ಈಗ ಸಂತೆ ಜಾತ್ರೆಗಳಲ್ಲೂ ಕ್ವಾಂಟಂ ಹೆಸರು ಹೇಳಿ ರೋಗ ವಾಸಿಮಾಡುವ ಬಿಲ್ಲೆ, ಬಳೆಗಳನ್ನು ಮಾರುವವರಿದ್ದಾರೆ. ಅದಕ್ಕೂ ಈ ವಿಜ್ಞಾನಕ್ಕೂ ಸಂಬಂಧವಿಲ್ಲ. ಹಾಗೆಯೇ ನಮ್ಮ ಹಿಂದಿನವರು ಎಲ್ಲವನ್ನೂ ಬರೆದಿಟ್ಟಿದ್ದರು ಎಂದು ಹೇಳಿಕೊಳ್ಳುವುದೂ ಬೇಡ. ಈ ಊರಿನ ಹೆಸರು ಹೊತ್ತ ಗುಮ್ಮಳಾಪುರದ ಸಿದ್ಧಲಿಂಗಯತಿಗಳು ಹದಿನಾರನೆಯ ಶತಮಾನದಲ್ಲಿ ಶೂನ್ಯಸಂಪಾದನೆಯ ಒಂದು ಆವೃತ್ತಿಯನ್ನು ಕಟ್ಟಿಕೊಟ್ಟರು. ಅದರಲ್ಲಿ ಕ್ವಾಂಟಂ ವಿಜ್ಞಾನ ಇತ್ತೆಂದು ನಾನು ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: ಆ ಗ್ರಂಥ ನಡೆಯುವುದೇ ಶರಣರ ಪ್ರಶ್ನೆ ಮತ್ತು ಮರುಪ್ರಶ್ನೆಗಳಲ್ಲಿ. ಅಷ್ಟು ಸೂಕ್ಷ್ಮವಾದ ವಿಚಾರವನ್ನು ಕನ್ನಡದಲ್ಲಿ ಹಿಡಿದಿಟ್ಟ ಊರು ಇದು. ಈ ಭಾಷೆಯಲ್ಲಿ ಗಹನವಾದದ್ದನ್ನು ಯೋಚಿಸಲಾಗದು ಎಂದು ನಮ್ಮ ಮಕ್ಕಳ ಮುಂದೆ ಯಾರೂ ಹೇಳಬಾರದು.

ಹಾಗಾದರೆ ನಾವೇನು ಮಾಡಬೇಕು? ಸಂವಿಧಾನದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಆ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಪ್ರೌಢಶಾಲೆಗೆ ಕನ್ನಡ ಬಲ್ಲ ಗಣಿತ, ವಿಜ್ಞಾನ ಶಿಕ್ಷಕರು ಬೇಕಾದರೆ ನಾವು ಅರ್ಜಿ ಹಿಡಿದು ಮತ್ತೆ ಮತ್ತೆ ಕೇಳಬೇಕು. ಖಾಲಿ ಹುದ್ದೆ ಇದ್ದರೆ ಪೋಷಕರೆಲ್ಲ ಸಹಿ ಹಾಕಿ ಬರೆಯಬೇಕು. ಎರಡನೆಯದಾಗಿ, ಹತ್ತರ ನಂತರ ವಿಜ್ಞಾನ ಓದುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷಿಗೆ ದಾಟಬೇಕು. ಅನೇಕರು ಎಡವುವುದು ಆ ದಾಟುವ ವರ್ಷದಲ್ಲಿ, ಬುದ್ಧಿ ಸಾಲದೆ ಅಲ್ಲ. ಒಂಬತ್ತನೇ ತರಗತಿಯಿಂದಲೇ ವಿಜ್ಞಾನದ ಪ್ರತಿ ಪದವನ್ನೂ ಕನ್ನಡದಲ್ಲಿ ಅರ್ಥಮಾಡಿಸಿ, ಪಕ್ಕದಲ್ಲಿ ಇಂಗ್ಲಿಷ್ ಪದವನ್ನು ಬರೆಸುವ ಒಂದು ನೋಟ್‌ಬುಕ್ ಇಡಿಸಿ. ರಜೆಯಲ್ಲಿ ಎರಡು ತಿಂಗಳ ತರಗತಿ ನಡೆಸಲು ಊರಿನ ಪದವೀಧರರು ಮುಂದೆ ಬರಲಿ. ನಾನೂ ಬರುತ್ತೇನೆ.

ಮೂರನೆಯದು, ಮಕ್ಕಳಿಗೆ ತೋರಿಸಿ. ಭಾರತೀಯ ವಿಜ್ಞಾನ ಸಂಸ್ಥೆಯು ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ, ಪ್ರವೇಶಕ್ಕೆ ಹಣವಿಲ್ಲ. ಒಂದು ವ್ಯಾನು ಮಾಡಿಕೊಂಡು ಹೋದರೆ ನಮ್ಮ ಮಕ್ಕಳು ಪ್ರಯೋಗಶಾಲೆಯನ್ನು ಕಣ್ಣಾರೆ ನೋಡುತ್ತಾರೆ. ಆ ಸಂಸ್ಥೆಯಲ್ಲಿ 2011ರಿಂದ ಹನ್ನೆರಡು ಮುಗಿಸಿದವರಿಗೆ ನಾಲ್ಕು ವರ್ಷದ ಪದವಿಯೂ ಇದೆ. ಇದು ನಮ್ಮ ಮಕ್ಕಳ ಕಿವಿಗೆ ಬೀಳಬೇಕು.

ಕೊನೆಯದಾಗಿ, ಹಣ ಕಾಸು ಬೇಡದ ಒಂದು ಕೆಲಸವಿದೆ. ಮಗು ಪ್ರಶ್ನೆ ಕೇಳಿದಾಗ "ನನಗೆ ಗೊತ್ತಿಲ್ಲಮ್ಮಾ, ನಾಳೆ ನಿಮ್ಮ ಟೀಚರನ್ನು ಕೇಳಿ ಬಂದು ನನಗೂ ಹೇಳು" ಎನ್ನಿ. ಓದು ಬರದ ತಾಯಿಯೂ ಇಷ್ಟು ಹೇಳಬಲ್ಲಳು. ಬಸ್ ನಿಲ್ದಾಣದಲ್ಲಿ ಸಿಕ್ಕ ಆ ತಂದೆ ಇಂದು ಈ ಸಭೆಯಲ್ಲಿ ಕುಳಿತಿದ್ದಾರೆ. ಅವರು ಮನೆಗೆ ಹೋಗಿ ಮಗಳಿಗೆ ಮುಟ್ಟಿದರೆ ಮುನಿಯ ಕಥೆಯನ್ನು ಹೇಳಿದರೆ, ಅವಳು ಅದಕ್ಕೆ ಇನ್ನೊಂದು ಪ್ರಶ್ನೆ ಕೇಳಿದರೆ, ನಾನು ಇಲ್ಲಿಯವರೆಗೆ ಬಂದದ್ದು ಸಾರ್ಥಕ.